ಹಳೆಯ ಚೀಟಿ, ಹೊಸ ಚೀಟಿ

ಪಳನಿಗೆ ಹೋದವರು ದಂಡಾಯುಧಪಾಣಿ ಮುರುಗನ ದರ್ಶನ ಮಾಡಿ, ಪಂಚಾಮೃತದ ಡಬ್ಬಿ ಹಿಡಿದು ಊರಿಗೆ ಮರಳುವುದು ವಾಡಿಕೆ. ನನಗೆ ಮಾತ್ರ ಅಲ್ಲಿಂದ ಕೊಡೈಕೆನಾಲಿನ ಬಸ್ಸು ಹತ್ತದಿದ್ದರೆ ಯಾತ್ರೆ ಮುಗಿದಂತಾಗುವುದಿಲ್ಲ. ಪಂಚಾಮೃತಕ್ಕೆ ಬೀಳುವ ವಿರೂಪಾಕ್ಷಿ ಬಾಳೆ ಬೆಳೆಯುವುದು ಕೊಡೈ ಇರುವ ಈ ಪಳನಿ ಬೆಟ್ಟಸಾಲಿನಲ್ಲೇ. ಪ್ರಸಾದದ ತವರು ನೋಡಿ ಬಂದ ಸಮಾಧಾನ ಸಿಗುತ್ತದೆ. ಕೊಡೈ ಪಕ್ಕದಲ್ಲೇ ಶೆಂಬಗನೂರು. ಪಾದ್ರಿಗಳಾಗುವವರಿಗೆಂದು ಜೆಸ್ವಿಟ್ ಸಭೆಯವರು 1895ರಲ್ಲಿ ಅಲ್ಲಿ ಸೇಕ್ರೆಡ್ ಹಾರ್ಟ್ ಕಾಲೇಜು ತೆರೆದರು. ದೇವರ ವಿಷಯ ಓದಲು ಬಂದವರು ಹಾವು, ಚಿಟ್ಟೆ, ಹಕ್ಕಿ, ಗಿಡಗಳನ್ನೂ ಕೂಡಿಸತೊಡಗಿದರು. ಅದೇ ಅಲ್ಲಿನ ಮ್ಯೂಸಿಯಂ ಆಯಿತು.

ಚರ್ಚಿಗೂ ವಿಜ್ಞಾನಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ ಎಂದು ನಾವೆಲ್ಲ ಶಾಲೆಯಲ್ಲೇ ಕಲಿತವರು. ಆ ಮಾತಿಗೆ ಆಧಾರವಿಲ್ಲದೆ ಇಲ್ಲ. ಗೆಲಿಲಿಯೋಗೆ ಶಿಕ್ಷೆಯಾದದ್ದು 1633ರಲ್ಲಿ. ಅದು ತಪ್ಪೆಂದು ಪೋಪ್ ಎರಡನೆಯ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿದ್ದು 1992ರಲ್ಲಿ. ಮುನ್ನೂರೈವತ್ತೊಂಬತ್ತು ವರ್ಷ! ಅಷ್ಟು ತಡವನ್ನು ನಾನು ಸಮರ್ಥಿಸಲಾರೆ. ಆದರೆ ಬಟಾಣಿ ಬೆಳೆಸಿ ತಳಿಗುಣದ ಲೆಕ್ಕ ಬಿಡಿಸಿದ ಮೆಂಡೆಲ್ ಕೂಡ ಮಠದ ಸನ್ಯಾಸಿಯೇ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಲಮೇತ್ರ್ ಪಾದ್ರಿಯೇ. ನಾವು ಬೆಳಿಗ್ಗೆ ಕುಡಿಯುವ ಚಹಾದ ಗಿಡಕ್ಕೆ ಶಾಸ್ತ್ರದಲ್ಲಿ 'ಕಮೆಲಿಯಾ' ಎಂಬ ಹೆಸರು ಬಂದದ್ದು ಫಿಲಿಪ್ಪೀನ್ಸಿನಲ್ಲಿ ಮದ್ದುಗಿಡ ಹುಡುಕುತ್ತಿದ್ದ ಕಾಮೆಲ್ ಎಂಬ ಜೆಸ್ವಿಟ್ ಸೋದರನಿಂದ.

ದೂರದ ಮಾತು ಬಿಡಿ, ಪಳನಿ ಬೆಟ್ಟಕ್ಕೇ ಬರೋಣ. ಫಾದರ್ ಫೋರೋ ಇಲ್ಲಿನ ಕಲ್ಲು, ಮರದ ತೊಗಟೆಗಳ ಮೇಲಿನ ಹಾವಸೆಯನ್ನು ಹುಡುಕಿ ಹುಡುಕಿ ಬೇರ್ಪಡಿಸಿದರು. ಮಳೆಗಾಲದಲ್ಲಿ ನಾವು ಕಾಲು ಜಾರೀತೆಂದು ಶಪಿಸುವ ಹಾವಸೆ! ಫಾದರ್ ಆಂಗ್ಲಾದ್ ಗಿಡಗಳನ್ನು ಬಣ್ಣದಲ್ಲಿ ಬರೆದರು. ಕೇರಳದಲ್ಲಿ ಹುಟ್ಟಿದ ಫಾದರ್ ಕೆ. ಎಂ. ಮ್ಯಾಥ್ಯೂ ತಿರುಚ್ಚಿಯ ಸೇಂಟ್ ಜೋಸೆಫ್ ಕಾಲೇಜಿನ ಒಣಗಿಸಿದ ಗಿಡಗಳ ಸಂಗ್ರಹವಾದ ರಾಪಿನಾ ಹರ್ಬೇರಿಯಂನಲ್ಲಿ ಕುಳಿತು ಬದುಕನ್ನೇ ಗಿಡಗಳ ಕೆಲಸಕ್ಕೆ ತೆತ್ತು, 1999ರಲ್ಲಿ ಪಳನಿ ಬೆಟ್ಟಗಳ ಸಸ್ಯಸಂಪುಟಗಳನ್ನು ಹೊರತಂದರು. ಕೊಡೈಯಲ್ಲಿ ಹೊರನಾಡಿನಿಂದ ಬಂದು ನೆಲೆಸಿದ ಗಿಡಗಳ ಬಗ್ಗೆ ಅವರು 1969ರಲ್ಲೇ ಬರೆದಿದ್ದರು. ನೀಲಗಿರಿ, ಪೈನ್, ವ್ಯಾಟಲ್ ಎಂದು ಬಿಳಿಯರ ಕಾಲದಲ್ಲಿ ಬೆಟ್ಟ ಹತ್ತಿದ ಮರಗಳು ಶೋಲಾ ಕಾಡಿನ ಅಂಚಿನ ಹುಲ್ಲುಗಾವಲನ್ನು ನುಂಗಿದ್ದನ್ನು ಇಂದು ಯಾರು ಬೇಕಾದರೂ ನೋಡಬಹುದು.

ಹರ್ಬೇರಿಯಂನ ಒಂದು ಹಾಳೆಯನ್ನು ಹತ್ತಿರದಿಂದ ನೋಡಬೇಕು. ಕಾಗದದ ನಡುವೆ ಒತ್ತಿ ಒಣಗಿಸಿದ ರೆಂಬೆ, ಕಂದಿದ ಹೂವು, ಉದುರಿದ ಬೀಜಕ್ಕೊಂದು ಪುಟ್ಟ ಲಕೋಟೆ. ಕೆಳಗಿನ ಮೂಲೆಯಲ್ಲಿ ಚೀಟಿ: ಗಿಡದ ಹೆಸರು, ಸಿಕ್ಕ ಜಾಗ, ಎತ್ತರ, ತಾರೀಕು, ಕಿತ್ತವರ ಹೆಸರು. ಎಷ್ಟೋ ವರ್ಷದ ಮೇಲೆ ಬೇರೊಬ್ಬರು ಬಂದು ಹೆಸರು ತಪ್ಪಿದೆ ಎಂದು ಕಂಡುಕೊಂಡರೆ ಹಳೆಯ ಚೀಟಿಯನ್ನು ಹರಿಯುವುದಿಲ್ಲ, ಅದರ ಮೇಲೆ ಗೀಟೂ ಎಳೆಯುವುದಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ತಮ್ಮ ಹೆಸರು, ತಾರೀಕು ಹಾಕುತ್ತಾರೆ. ನಾಳೆ ಇವರದೂ ತಪ್ಪೆನ್ನುವವರಿಗೆ ಜಾಗ ಉಳಿದಿರುತ್ತದೆ. ತೆರೆದ ಮನಸ್ಸು ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಆ ಎರಡು ಚೀಟಿಗಳೇ.

ಮ್ಯಾಥ್ಯೂ ಅವರ ಕಾಲೇಜಿನ ಬಾಗಿಲೂ ಹೀಗೇ ತೆರೆದಿತ್ತು: ರಾಮೇಶ್ವರದ ಮುಸ್ಲಿಂ ಮನೆಯ ಹುಡುಗ ಅಬ್ದುಲ್ ಕಲಾಂ 1954ರಲ್ಲಿ ಭೌತವಿಜ್ಞಾನದ ಪದವಿ ಪಡೆದದ್ದೂ ತಿರುಚ್ಚಿಯ ಅದೇ ಕಾಲೇಜಿನಲ್ಲಿ. ಗಿಡಗಳ ಬೆನ್ನು ಹತ್ತಿದ ಇಂಥ ಪಾದ್ರಿಗಳು ನಮ್ಮ ಕರ್ನಾಟಕದಲ್ಲೂ ಇದ್ದರು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಹಾಸನ ಜಿಲ್ಲೆಯ ಗಿಡಗಳ ದೊಡ್ಡ ಗ್ರಂಥವನ್ನು ಅಮೆರಿಕದ ಸಸ್ಯವಿಜ್ಞಾನಿ ನಿಕೋಲ್ಸನ್ ಜೊತೆಗೂಡಿ 1976ರಲ್ಲಿ ತಂದರು. ಬೇಲೂರು ಹಳೇಬೀಡಿನ ಶಿಲ್ಪವನ್ನು ಮೈಮರೆತು ಹೊಗಳುವ ನಾವು, ಅದೇ ಜಿಲ್ಲೆಯ ಹುಲ್ಲು ಪೊದೆಗಳನ್ನು ಅಷ್ಟೇ ಅಕ್ಕರೆಯಿಂದ ನೋಡಿದ ಈ ಮನುಷ್ಯನನ್ನು ಇನ್ನೂ ಸರಿಯಾಗಿ ನೆನೆದಿಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಮತ್ತೆ ಕೊಡೈಗೆ ಬಂದರೆ, ಅಲ್ಲಿ ಕುರಿಂಜಿ ಆಂಡವರ್ ಗುಡಿ ಇದೆ. ಕುರಿಂಜಿ, ಅಂದರೆ ಬೆಟ್ಟದ ನಾಡಿನ ಒಡೆಯ ಮುರುಗನೇ ಎಂಬುದು ತಮಿಳರ ಹಳೆಯ ನಂಬಿಕೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯ ನೀಲಿ ಹೂವು 2018ರಲ್ಲಿ ಬಂದಿತ್ತು, ಮುಂದಿನ ಸರದಿ 2030ಕ್ಕೆ. ಮಂಜು ಸರಿದ ಬೆಳಿಗ್ಗೆ ಆ ಗುಡಿಯ ಅಂಚಿನಲ್ಲಿ ನಿಂತರೆ, ದೂರ ಕೆಳಗೆ, ಬಯಲಿನ ನಡುವೆ ಪಳನಿಯ ದೇಗುಲದ ಬೆಟ್ಟ ಒಂದು ಹಿಡಿ ಮಣ್ಣಿನಷ್ಟು ಕಾಣುತ್ತದೆ.