ಇನ್ನೂರು ಮೀಟರ್ ಆಚೆ

ಶನಿವಾರ, ಬೆಳಗ್ಗೆ ಏಳೂವರೆ. ತುಮಕೂರು ಬಿಟ್ಟ ಕೆಂಪು ಬಸ್ಸು ಕೊರಟಗೆರೆ ದಾರಿಯಲ್ಲಿದೆ. ಕಂಡಕ್ಟರ್ ಹತ್ತಿರ ಬರುತ್ತಿದ್ದಂತೆ ಪಕ್ಕದ ಸೀಟಿನಾಕೆ ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸುತ್ತಾಳೆ, ಸೊನ್ನೆ ರೂಪಾಯಿಯ ಟಿಕೆಟ್ ಕೈಗೆ ಬರುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ. ನೀವು ಗಂಡಸಾಗಿದ್ದರೆ ದುಡ್ಡು ಕೊಟ್ಟು ಕೂತಿದ್ದೀರಿ. ಆಕೆಯ ತೊಡೆಯ ಮೇಲೊಂದು ರೆಕ್ಸಿನ್ ಚೀಲ. ಒಳಗೆ ಊಟದ ಡಬ್ಬಿ, ಒಂದು ರಿಜಿಸ್ಟರು, ಸರ್ಕಾರ ಪುಕ್ಕಟೆ ಹಂಚುವ ನಿರೋಧ್ ಪೊಟ್ಟಣಗಳು. ಡಬ್ಬಿ ಮೇಲೆ, ನಿರೋಧ್ ತಳದಲ್ಲಿ.

"ಯಾರಾನ ಚೀಲ ಬಿಚ್ಚಿಸಿದ್ರೆ ಮೊದ್ಲು ಮುದ್ದೆ ಕಾಣ್ಲಿ ಅಂತ" ಎಂದು ನಗುತ್ತಾಳೆ.

ಆಕೆ 'ಪೀರ್'. ಎಚ್‌ಐವಿ ತಡೆ ಯೋಜನೆಯವರು ಲೈಂಗಿಕ ವೃತ್ತಿಯ ಹೆಂಗಸರಲ್ಲೇ ಒಬ್ಬಳನ್ನು ಆರಿಸಿ, ಉಳಿದವರನ್ನು ಹುಡುಕುವ, ನಿರೋಧ್ ಕೊಡುವ, ರಕ್ತ ಪರೀಕ್ಷೆಗೆ ಕರೆತರುವ ಕೆಲಸ ಒಪ್ಪಿಸುತ್ತಾರೆ. ಹೆಸರು ಕೇಳಬೇಡಿ. ಈ ಬರಹದಲ್ಲಿ ಆಕೆಗೆ ಹೆಸರಿಲ್ಲ. ನಿಜ ಹೇಳಬೇಕೆಂದರೆ ಆಕೆ ಒಬ್ಬಳೂ ಅಲ್ಲ, ಈ ಸೀಮೆಯ ಹಲವರ ನಡೆನುಡಿ ಸೇರಿ ಆದವಳು. ದಾರಿಯಲ್ಲಿ ಸಿಗುವ ಉಳಿದವರೂ ಹಾಗೇ. 'ಅಕ್ಕ' ಅಂದರೆ ಸಾಕು.

ದಾರಿಬದಿಯ ತೆಂಗಿನ ತೋಟಗಳು ಕಣ್ಣಿಗೆ ಬೀಳುವ ಹೊತ್ತಿಗೆ ಅಕ್ಕನ ಫೋನು ಬಡಿದುಕೊಳ್ಳುತ್ತದೆ. ಗೊತ್ತಿಲ್ಲದ ನಂಬರು, ಗೊತ್ತಿರುವ ದನಿ. ಶಿರಾದಿಂದ. ಹಿಂದಿನ ರಾತ್ರಿ ಬಂದವನು ಆರುನೂರು ಮಾತಾಡಿದ್ದ, ಕೊಡಲಿಲ್ಲ. ಕೇಳಿದ್ದಕ್ಕೆ ಕಪಾಳಕ್ಕೆ ಹೊಡೆದು ಫೋನು ಕಿತ್ತುಕೊಂಡು ಹೋದ.

"ಈಗ್ಲೇ ಬರ್ಲೇನವ್ವ?"

"ಬ್ಯಾಡಕ್ಕ. ಹಗಲೊತ್ತು ಹುಣಸೆಹಣ್ಣು ಬಡಿಯೋಕೆ ಬಂದಿವ್ನಿ. ಇಲ್ಲಿ ಎಲ್ಲಾ ನಮ್ಮೋರೇ ಅವ್ರೆ. ಕತ್ಲಾದ್ಮೇಲೆ ಬಾ."

ಕೊರಟಗೆರೆಯಲ್ಲಿ ಹೆಚ್ಚು ಹೊತ್ತಿಲ್ಲ. ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ಇಬ್ಬರನ್ನು ಮುಟ್ಟಿಸಿದರೆ ಆಯಿತು. ಇಬ್ಬರೂ ಹೊಲದ ಕೂಲಿಗೆ ಹೊರಟವರಂತೆಯೇ ಇದ್ದಾರೆ, ಯಾಕೆಂದರೆ ಇಬ್ಬರೂ ಹೊಲದ ಕೂಲಿಗೆ ಹೋಗುವವರೇ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ, ಈ ನಾಲ್ಕು ತಾಲ್ಲೂಕಿನಲ್ಲಿ ಸಿನಿಮಾದಲ್ಲಿ ಕಂಡ ಕೆಂಪುದೀಪದ ಬೀದಿಯನ್ನು ಹುಡುಕಿದರೆ ನಿಮಗೆ ಸಿಗುವುದು ಬಸ್‌ಸ್ಟ್ಯಾಂಡು, ಫೋನು, ಯಾರದೋ ಮನೆಯ ಹಿಂದಿನ ಕೋಣೆ, ಹೈವೇ ಪಕ್ಕದ ಹೊಂಗೆ ಮರ, ಅಷ್ಟೆ.

ಗೋಡೆಯ ಮೇಲೆ ಕ್ಷೇತ್ರದ ಶಾಸಕರ ಫೋಟೊ ಇರುವ ಬ್ಯಾನರು. ಜಿ. ಪರಮೇಶ್ವರ, 2023ರಲ್ಲಿ ಗೃಹ ಇಲಾಖೆ ವಹಿಸಿಕೊಂಡವರು. ಅದೂ ಸೇರಿ ಅಕ್ಕನ ಕಡತ ರಾಜ್ಯದ ಮೂರು ಇಲಾಖೆಗಳಲ್ಲಿದೆ. ಆರೋಗ್ಯ ಇಲಾಖೆಗೆ ಆಕೆ ಒಂದು ಕೋಡ್ ನಂಬರು. ಮಹಿಳಾ ಇಲಾಖೆಗೆ 'ದಮನಿತ ಮಹಿಳೆ', ಚೇತನ ಯೋಜನೆಯಲ್ಲಿ 30,000 ರೂಪಾಯಿ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಬಹುದಾದವಳು. ಗೃಹ ಇಲಾಖೆಗೆ ಒಂದು ಸೆಕ್ಷನ್ನು. ಕಾರ್ಮಿಕ ಇಲಾಖೆಯಲ್ಲಿ ಮಾತ್ರ ಆಕೆ ಇಲ್ಲ. 2006ರಲ್ಲೇ ಬೆಂಗಳೂರಿನಲ್ಲಿ ಕರ್ನಾಟಕ ಲೈಂಗಿಕ ಕಾರ್ಮಿಕರ ಯೂನಿಯನ್ ಹುಟ್ಟಿತು. ನಟಿ ಜಯಮಾಲಾ ಅಧ್ಯಕ್ಷತೆಯ ಸಮಿತಿ ರಾಜ್ಯವೆಲ್ಲ ಸುತ್ತಿ ಈ ಹೆಂಗಸರ ಸ್ಥಿತಿಗತಿಯ ವರದಿಯನ್ನು 2017ರಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ಮರುವರ್ಷ ಅದೇ ಜಯಮಾಲಾ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾದರು. ವರದಿ ಬರೆದವರ ಕೈಗೇ ಇಲಾಖೆ ಬಂದರೂ 'ಕಾರ್ಮಿಕಳು' ಎಂಬ ಪದ ಮಾತ್ರ ಕಾಯ್ದೆಯೊಳಗೆ ಬರಲಿಲ್ಲ.

ಹನ್ನೊಂದು ಗಂಟೆಗೆ ಮಧುಗಿರಿ. ಬಸ್ಸಿನಿಂದ ಇಳಿದರೆ ಏಕಶಿಲಾ ಬೆಟ್ಟ ಊರಿನ ಮೇಲೆ ಬಿದ್ದೇಬಿಡುತ್ತದೇನೋ ಎಂಬಂತೆ ನಿಂತಿದೆ. ಅಕ್ಕ ಇಲ್ಲೊಂದು ಆಟ ಆಡಿಸುತ್ತಾಳೆ.

"ಇಲ್ಲಿಂದ ಇನ್ನೂರು ಮೀಟ್ರು ನಡೀರಿ. ಗುಡಿ, ಇಸ್ಕೂಲು, ಹಾಸ್ಟೆಲ್ಲು, ಆಸ್ಪತ್ರೆ ಯಾವ್ದೂ ಸಿಗ್ಬಾರ್ದು. ಅಂಥ ಜಾಗ ತೋರಿಸ್ರಿ ನೋಡಾನ."

ನೀವು ಹೆಜ್ಜೆ ಎಣಿಸತೊಡಗುತ್ತೀರಿ. ಇನ್ನೂರು ಮೀಟರ್ ಅಂದರೆ ನಿಮ್ಮ ಕಾಲಿಗೆ ಇನ್ನೂರೆಪ್ಪತ್ತು ಹೆಜ್ಜೆಯಷ್ಟು. ಅರವತ್ತಕ್ಕೆ ಒಂದು ಸಣ್ಣ ಗುಡಿ. ಅಲ್ಲಿಂದ ತಿರುಗಿದರೆ ಶಾಲೆಯ ಕಾಂಪೌಂಡು. ಬೆಟ್ಟದ ಬುಡಕ್ಕೆ ಹೋದರೆ ವೆಂಕಟರಮಣ, ಮಲ್ಲೇಶ್ವರ ಅಕ್ಕಪಕ್ಕದಲ್ಲೇ ಕೂತಿದ್ದಾರೆ. ಊರಾಚೆಗೆ ಹೋದರೆ ದಂಡಿನ ಮಾರಮ್ಮ. ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡ ಊರಿನಲ್ಲಿ ಹಾಸ್ಟೆಲು, ಶಾಲೆ ಇಲ್ಲದ ಬೀದಿ ಎಲ್ಲಿಂದ ತರುತ್ತೀರಿ? ಬಿಸಿಲು ನೆತ್ತಿಗೇರುತ್ತದೆ, ನೀವು ಸೋಲುತ್ತೀರಿ.

ಇಂಥ ಜಾಗಗಳ ಇನ್ನೂರು ಮೀಟರ್ ಒಳಗೆ ಈ ವೃತ್ತಿ ಕೂಡದೆನ್ನುವ, 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 7ನೇ ಸೆಕ್ಷನ್ ಇದು. ಪೊಲೀಸರ ಬಾಯಲ್ಲಿ ಪೀಟಾ. ವಯಸ್ಕ ಹೆಣ್ಣು ತನ್ನಿಷ್ಟದಿಂದ ದುಡ್ಡಿಗೆ ಸಂಗ ಕೊಡುವುದೇ ಅಪರಾಧ ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಆದರೆ ಹಾಗೆ ಬದುಕಲು ಬೇಕಾದ ಒಂದೊಂದನ್ನೂ ಅಪರಾಧ ಮಾಡಿದೆ. ಮಾತಿನಿಂದ, ಸನ್ನೆಯಿಂದ, ಕಿಟಕಿಯಲ್ಲೋ ಬಾಲ್ಕನಿಯಲ್ಲೋ ಕೂತು ಕರೆದರೆ 8ನೇ ಸೆಕ್ಷನ್, ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ತಪ್ಪನ್ನು ಗಂಡಸು ಮಾಡಿದರೆ ಏಳು ದಿನದಿಂದ ಮೂರು ತಿಂಗಳು. ತಕ್ಕಡಿ ಎತ್ತ ವಾಲಿದೆ ನೋಡಿ. ಒಬ್ಬಳೇ ಇರಲು ಹೆದರಿ ಇಬ್ಬರು ಹೆಂಗಸರು ಸೇರಿ ಒಂದು ಕೋಣೆ ಹಿಡಿದು ಇಬ್ಬರೂ ಅಲ್ಲೇ ದುಡಿದರೆ ಆ ಕೋಣೆ ಕಾನೂನಿನ ಲೆಕ್ಕದಲ್ಲಿ ವೇಶ್ಯಾಗೃಹ. ಅಕ್ಕನ ಮಗನಿಗೆ ಹತ್ತೊಂಬತ್ತು, ಐಟಿಐ ಓದುತ್ತಿದ್ದಾನೆ. ತಾಯಿಯ ದುಡ್ಡು ಎಲ್ಲಿಂದ ಬರುತ್ತದೆಂದು ಗೊತ್ತಿದ್ದೂ ಉಂಡರೆ 4ನೇ ಸೆಕ್ಷನ್ ಅವನನ್ನು ಎರಡು ವರ್ಷದವರೆಗೆ ಒಳಗಿಡಬಲ್ಲದು.

"ಅದ್ಕೇ ನಾ ಅವ್ನಿಗೆ ಹೇಳಿಲ್ಲ. ಹೇಳಿದ್ರೆ ಅವ್ನೂ ಕಳ್ಳ ಆಯ್ತಾನೆ."

ಡಿವೈಎಸ್ಪಿ ಕಚೇರಿಯ ಕಡೆ ಹೋಗುವ ರಸ್ತೆ ಬಂದಾಗ ಅಕ್ಕ ದನಿ ತಗ್ಗಿಸುತ್ತಾಳೆ. 2025ರ ಜನವರಿಯಲ್ಲಿ ಈ ಊರಿನ ಹೆಸರು ಎಲ್ಲ ಚಾನೆಲ್‌ಗಳಲ್ಲೂ ಓಡಿತ್ತು. ಜಮೀನು ವ್ಯಾಜ್ಯದ ದೂರು ಹಿಡಿದು ಪಾವಗಡದಿಂದ ಬಂದ ಹೆಂಗಸಿನ ಮೇಲೆ ಅಧಿಕಾರಿ ಕಚೇರಿಯಲ್ಲೇ ದೌರ್ಜನ್ಯ ಎಸಗಿದರೆಂಬ ಆರೋಪ, ವಿಡಿಯೊ, ಅಮಾನತು, ಬಂಧನ. ಆಕೆಗೂ ಅಕ್ಕನ ವೃತ್ತಿಗೂ ಯಾವ ಸಂಬಂಧವೂ ಇರಲಿಲ್ಲ. ಹೊಲದ ಪಹಣಿ ಹಿಡಿದು ಬಂದವಳ ಗತಿ ಇದಾದರೆ ಎಂದು ಅಕ್ಕ ಮಾತು ಶುರು ಮಾಡಿ ಅರ್ಧಕ್ಕೇ ಬಿಟ್ಟು, ಎಳನೀರಿನವನ ಹತ್ತಿರ ಚೌಕಾಸಿಗೆ ಇಳಿಯುತ್ತಾಳೆ.

ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿನ ಕಿಟಕಿಯಲ್ಲಿ ಬಂಡೆ, ಜಾಲಿ, ಕಡಲೆಕಾಯಿ ಹೊಲ. ಮಾತಿನಲ್ಲಿ ತೆಲುಗು ಬೆರೆಯತೊಡಗಿದರೆ ಊರು ಹತ್ತಿರವಾಯಿತು ಎಂದರ್ಥ. ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡ ತಾಲ್ಲೂಕಿದು. ಶನಿವಾರವಾದ್ದರಿಂದ ಶನಿಮಹಾತ್ಮನ ಗುಡಿಯ ಸುತ್ತ ಎಳ್ಳೆಣ್ಣೆಯ ಕಮಟು, ತಳ್ಳುಗಾಡಿ, ಜನಜಂಗುಳಿ. ಗುಡಿಯಿಂದ ದೂರದ ಒಂದು ಮನೆಯ ಹಿತ್ತಿಲಲ್ಲಿ ಐದಾರು ಹೆಂಗಸರು ಕೂತಿದ್ದಾರೆ. ಹೊರಗಿನವರಿಗೆ ಇದು ಸ್ವಸಹಾಯ ಸಂಘದ ಮೀಟಿಂಗು.

ಒಬ್ಬಾಕೆ ತಿರುಮಣಿ ಕಡೆಯವಳು. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕು ಹರಡಿದೆ. ಭೂಮಿ ಇದ್ದವರಿಗೆ ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಬಂತು. ಭೂಮಿಯಿಲ್ಲದೆ ಅವರ ಹೊಲದಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದವಳಿಗೆ ಗಾಜಿನ ಹೊಲದಲ್ಲಿ ಕೀಳುವುದೇನೂ ಇರಲಿಲ್ಲ. ಕಾರಣ ಇದೊಂದೇ ಎಂದು ಆಕೆ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಗಂಡನ ಕುಡಿತವಿತ್ತು, ಮೈಕ್ರೋಫೈನಾನ್ಸಿನ ವಾರದ ಕಂತಿತ್ತು.

ಇಲ್ಲಿ ನೀವು ಪೇಟೆಯಿಂದ ಹೊತ್ತು ತಂದ ಪ್ರಶ್ನೆ ಕೇಳುತ್ತೀರಿ. ಸರ್ಕಾರ ಇದನ್ನು ಕಾನೂನುಬದ್ಧ ಮಾಡಿ ಲೈಸೆನ್ಸ್ ಕೊಟ್ಟರೆ?

ಹಿತ್ತಿಲು ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ ತಿರುಮಣಿಯಾಕೆ: "ಲೈಸನ್ಸ್ ಅಂದ್ರೆ ಫೋಟೋ ಹಾಕ್ತಾರಲ್ಲ?"

ಅಷ್ಟೇ. ಜರ್ಮನಿ 2002ರಲ್ಲಿ ವೃತ್ತಿಯನ್ನು ಕಾನೂನುಬದ್ಧ ಮಾಡಿ, 2017ರಲ್ಲಿ ಪ್ರತಿಯೊಬ್ಬಳೂ ನೋಂದಾಯಿಸಿಕೊಳ್ಳಬೇಕೆಂದಿತು. ಪಾವಗಡದಲ್ಲಿ ಅಂಥ ನೋಂದಣಿ ಅಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವ ಪಟ್ಟಿ, ಪಟ್ಟಿ ಹಿಡಿದವನಿಗೆ ಹೊಸ ಮಾಮೂಲು. 'ನಿಯಂತ್ರಣ' ಎಂಬ ಪದ ಕೇಳಿದರೆ ನನಗೆ ಭಯವಾಗುವುದು ಇದಕ್ಕೇ. ಬೆಲ್ಜಿಯಂ 2024ರ ಡಿಸೆಂಬರ್‌ನಿಂದ ಈ ಹೆಂಗಸರಿಗೆ ಉದ್ಯೋಗದ ಕರಾರು, ಹೆರಿಗೆ ರಜೆ, ಪಿಂಚಣಿ ಕೊಟ್ಟಿದೆ. ಒಳ್ಳೆಯದೇ, ಆದರೆ ಕರಾರಿಗೆ ಮಾಲೀಕ ಬೇಕು. ಈ ಹಿತ್ತಿಲಲ್ಲಿ ಕೂತವರ ಮಾಲೀಕ ಯಾರು? ಇವರಿಗೆ ಹತ್ತಿರವಾಗುವುದು ನ್ಯೂಜಿಲೆಂಡ್ 2003ರಲ್ಲಿ ಹಿಡಿದ ದಾರಿ: ಮೊದಲು ಅಪರಾಧದ ಹಣೆಪಟ್ಟಿ ಕೀಳು, ತನ್ನಷ್ಟಕ್ಕೆ ದುಡಿಯುವವಳನ್ನು ಪರವಾನಗಿ ಕೇಳಬೇಡ. 2014ರಲ್ಲಿ ಅಲ್ಲಿನ ಒಬ್ಬಾಕೆ, ವೇಶ್ಯಾಗೃಹ ನಡೆಸುವವನು ತನಗೆ ಲೈಂಗಿಕ ಕಿರುಕುಳ ಕೊಟ್ಟನೆಂದು ನ್ಯಾಯಮಂಡಳಿಗೆ ಹೋಗಿ 25,000 ಡಾಲರ್ ಪರಿಹಾರ ಪಡೆದಳು.

ಅಕ್ಕ ಈ ಕತೆ ಹೇಳಿದಾಗ ಹಿತ್ತಿಲು ಬಿದ್ದು ಬಿದ್ದು ನಗುತ್ತದೆ. "ನಮ್ಗೂ ಕಿರುಕುಳ ಅಂತ ಒಂದೈತಾ?"

ನಗದೆ ಕೂತವಳು ಒಬ್ಬಳಿದ್ದಾಳೆ, ನಡುವಯಸ್ಸಿನವಳು. "ನೀವೆಲ್ಲಾ ಕೆಲ್ಸ ಕೆಲ್ಸ ಅಂತೀರ. ನಂಗೆ ಇದು ಕೆಲ್ಸ ಅಲ್ಲ, ಕರ್ಮ. ನನ್ ಮಗ್ಳಿಗೆ ಈ ಕೆಲ್ಸ ಬ್ಯಾಡ." ಯಾರೂ ಎದುರಾಡುವುದಿಲ್ಲ. ಕೊಳ್ಳುವವನನ್ನು ಶಿಕ್ಷಿಸು, ಹೆಣ್ಣನ್ನು ಬಿಡು ಎಂದು 1999ರಲ್ಲಿ ಸ್ವೀಡನ್ ಕಾನೂನು ಮಾಡಿದ್ದು ಇಂಥದೇ ಮಾತಿನ ಬೆನ್ನಿಗೆ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಮಲದ ಗುಂಡಿಗಿಳಿಯುವುದು ಮಗನಿಗೆ ಬೇಡ ಎಂದ ತಂದೆಗೆ ಸತ್ತಾಗ ಪರಿಹಾರ ಬೇಡವೆಂದು ನಾವು ಯಾರೂ ಹೇಳಲಿಲ್ಲವಲ್ಲ? "ಕರ್ಮ ಅನ್ನು, ಏನಾನ ಅನ್ನು" ಎನ್ನುತ್ತಾಳೆ ಅಕ್ಕ, "ಹೊಡ್ದಾಗ ಕಂಪ್ಲೇಂಟ್ ಬರ್ಕಳಕ್ಕೆ ಏನು?" ನಡುವಯಸ್ಸಿನಾಕೆ ಅದಕ್ಕೆ ತಲೆಯಾಡಿಸುತ್ತಾಳೆ.

ಸಂಜೆಯ ಬಸ್ಸು ಶಿರಾ ಕಡೆಗೆ. ಅಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾಳೆ, ಚೀಲ ಮಾತ್ರ ಕೈಬಿಟ್ಟಿಲ್ಲ. ತಳದ ಆ ಪೊಟ್ಟಣಗಳನ್ನು ಸಾಕ್ಷಿ ಎಂದು ಹಿಡಿಯಕೂಡದೆಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿದೆ. ಆ ಪ್ರಕರಣ ಹುಟ್ಟಿದ್ದು 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಿಂದ. ನ್ಯಾಯಮೂರ್ತಿ ನಾಗೇಶ್ವರ ರಾವ್ ಅವರ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಕೂಡ ಇದ್ದರು. ಪೊಲೀಸರು ಘನತೆಯಿಂದ ನಡೆದುಕೊಳ್ಳಲಿ, ದೌರ್ಜನ್ಯಕ್ಕೆ ಒಳಗಾದವಳಿಗೆ ಕೂಡಲೇ ಚಿಕಿತ್ಸೆ ಸಿಗಲಿ, ವೃತ್ತಿಯ ಗುರುತು ಬೀಳದಂತೆ ಆಧಾರ್ ಕೊಡಿ ಎಂದಿತು ಆ ಆದೇಶ. ಅಂದು ದೆಹಲಿ ಹೇಳಿದ್ದು ಮುದ್ದೆ ಡಬ್ಬಿಯನ್ನು ಇನ್ನೂ ಕೆಳಗಿಳಿಸಿಲ್ಲ.

ಶಿರಾ. ರಾತ್ರಿ ಒಂಬತ್ತು. ಹಳೆಯ ಎನ್‌ಎಚ್ 4, ಈಗಿನ 48. ಬೆಂಗಳೂರಿಗೂ ಪುಣೆಗೂ ಹೋಗುವ ಲಾರಿಗಳು ಢಾಬಾದ ಮುಂದೆ ಸಾಲುಗಟ್ಟಿವೆ. ಟ್ಯೂಬ್‌ಲೈಟಿನ ಕೆಳಗೆ ಹಗ್ಗದ ಮಂಚ, ಒಗ್ಗರಣೆಯ ಘಾಟು, ಡೀಸೆಲ್ಲಿನ ಹೊಗೆ. ಆ ಬೆಳಕಿನ ಕೆಳಗೆ ಯಾರ್ಯಾರಿದ್ದಾರೆಂದು ಒಂದು ಸುತ್ತು ನೋಡಿ. ಚಾಲಕ, ಕ್ಲೀನರು, ಟಯರಿಗೆ ಪಂಕ್ಚರ್ ಹಾಕುತ್ತಿರುವ ಹುಡುಗ: ಮೋಟಾರು ಸಾರಿಗೆಯವರಿಗೆಂದು ಕರ್ನಾಟಕ 2024ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಮಾಡಿತು. ಪಾರ್ಸೆಲ್ ಕಟ್ಟಿಸಿಕೊಳ್ಳುತ್ತಿರುವ ಡೆಲಿವರಿ ಹುಡುಗ: ಅವನಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ. ಚಾಲಕನ ತುಟಿಯಲ್ಲಿರುವ ಬೀಡಿಯನ್ನು ಯಾವುದೋ ಗಲ್ಲಿಯ ಮನೆಯಲ್ಲಿ ಕೂತು ಕಟ್ಟಿದ ಹೆಂಗಸು: ಕಾರ್ಖಾನೆಯಿಲ್ಲದಿದ್ದರೂ ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದು ಕಾನೂನು 1966ರಲ್ಲೇ ಒಪ್ಪಿತು. ಬೀಡಿ ಸೇದಿದರೆ ಕೆಡುಕು ಎಂಬ ಕಾರಣಕ್ಕೆ ಅವಳ ಕೂಲಿಯನ್ನು ಯಾರೂ ಅನೈತಿಕ ಅನ್ನಲಿಲ್ಲ.

ಬೆಳಕು ಮುಗಿಯುವಲ್ಲಿ, ಹೊಂಗೆ ಮರದ ಕೆಳಗೆ ನಿಂತವಳು ಬೆಳಗಿನ ಫೋನಿನವಳು. ಬೆರಳುಗಳಿಗೆ ಹುಣಸೆಯ ಅಂಟು ಇನ್ನೂ ಹೋಗಿಲ್ಲ. ಎಡ ಕೆನ್ನೆ ಊದಿದೆ.

"ಸ್ಟೇಷನ್ನಿಗೆ ಹೋಗಾನ. ಫೋನ್ ಕಳ್ತನ ಅಂತ ಬರ್ಸಾನ."

"ಎಲ್ಲಿ ಕಳ್ಕಂಡೆ ಅಂತಾರೆ ಅಕ್ಕ. ಆ ಹೊತ್ನಲ್ಲಿ ಅಲ್ಲೇನ್ ಮಾಡ್ತಿದ್ದೆ ಅಂತಾರೆ."

ಫೋನಿಗೆ ಕಾನೂನಿದೆ, ಕೆನ್ನೆಗೂ ಇದೆ, ಅಲ್ಲಿಗೆ ಹೋಗುವ ಬಾಗಿಲಿನಲ್ಲೇ 8ನೇ ಸೆಕ್ಷನ್ ನಿಂತಿದೆ. ಆರುನೂರಕ್ಕಂತೂ ಬಾಗಿಲೇ ಇಲ್ಲ. 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅನೈತಿಕವಾದ ಒಪ್ಪಂದ ಶೂನ್ಯ. ಯಾವ ಕೋರ್ಟೂ ಅದನ್ನು ವಸೂಲಿ ಮಾಡಿಕೊಡದು. ಕೂಲಿ ಕೊಡದೆ ಎದ್ದುಹೋದವನು ಕಾನೂನಿನ ಕಣ್ಣಿಗೆ ಯಾರಿಗೂ ಏನೂ ಬಾಕಿ ಇಟ್ಟವನಲ್ಲ.

ಅಕ್ಕ ತನ್ನ ಡಬ್ಬಿಯಲ್ಲಿ ಉಳಿದಿದ್ದ ಮುದ್ದೆಯನ್ನು ಆಕೆಗೆ ಕೊಡುತ್ತಾಳೆ. ಉಣ್ಣುತ್ತಿರುವಾಗ ಢಾಬಾದ ಬೆಳಕು ಬೀಳುವಷ್ಟು ಹತ್ತಿರ ಸರಿದು ರಿಜಿಸ್ಟರು ಬಿಚ್ಚುತ್ತಾಳೆ. ಭೇಟಿಯಾದವರು ಎಷ್ಟು, ಕೊಟ್ಟ ನಿರೋಧ್ ಎಷ್ಟು, ಪರೀಕ್ಷೆಗೆ ಕಳಿಸಿದವರು ಎಷ್ಟು. ಗೆರೆ ಎಳೆದ ಕಾಲಮ್ಮುಗಳು ತುಂಬುತ್ತವೆ. ಆಮೇಲೆ ಪುಟ ಓರೆ ಮಾಡಿ, ಅಂಚಿನ ಖಾಲಿ ಜಾಗದಲ್ಲಿ, ಯಾವ ಮೇಲಧಿಕಾರಿಯೂ ಕೇಳದ ಒಂದು ಸಾಲು ಬರೆಯುತ್ತಾಳೆ: ಶಿರಾ, ಶುಕ್ರವಾರ ರಾತ್ರಿ, ಬರಬೇಕಾದ್ದು 600.