ಯಾರು ಹೇಳಿದರು?

ಸಂಶೋಧನೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ವಿಶ್ವವಿದ್ಯಾನಿಲಯದ ಕಟ್ಟಡ, ಗಾಜಿನ ನಳಿಗೆಗಳ ಪ್ರಯೋಗಶಾಲೆ, ದಪ್ಪ ಕನ್ನಡಕದ ವಿದ್ವಾಂಸ. ಮೂಗು ಸೋರುವ ಎಳೆಯ ಮಕ್ಕಳಿಗೂ ಆ ಮಾತಿಗೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಶೋಧಿಸುವುದು ಎಂದರೆ ಹುಡುಕುವುದು. ಸೋಸುವುದು ಎಂದೂ ಅರ್ಥವುಂಟು. ರಾಗಿಹಿಟ್ಟನ್ನು ಜರಡಿ ಹಿಡಿಯುವ ತಾಯಿಯನ್ನು ನೋಡುತ್ತ ಬೆಳೆದ ಮಗುವಿಗೆ ಕೇಳಿದ ಮಾತನ್ನು ಜರಡಿ ಹಿಡಿಯುವುದನ್ನು ಕಲಿಸಲಾಗದೆ? ಕಲಿಸಬಹುದೆಂಬುದನ್ನು ನಾನು ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯಲ್ಲಿ ಕಂಡೆ.

ಅಲ್ಲಿಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಸ್ನೇಹಿತರೊಬ್ಬರು ಉಪಾಧ್ಯಾಯರು. ಅವರನ್ನು ಕಾಣಲು ಹೋದಾಗಲೆಲ್ಲ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳೊಡನೆ ನಾನೂ ಕುಳಿತುಕೊಳ್ಳುತ್ತಿದ್ದೆ. ಪ್ರತಿಯೊಂದು ಮಗುವಿನ ಬಳಿಯೂ ಇನ್ನೂರು ಪುಟದ ಒಂದು ನೋಟುಪುಸ್ತಕವಿತ್ತು. ಪುಟದಲ್ಲಿ ಗೆರೆ ಎಳೆದು ಮೂರು ಮನೆ ಮಾಡಿದ್ದರು. ಮೊದಲನೆಯದು ‘ಪ್ರಶ್ನೆ’, ಎರಡನೆಯದು ‘ಉತ್ತರ’. ಇವೆರಡು ಎಲ್ಲ ಶಾಲೆಗಳಲ್ಲಿಯೂ ಇರುವವೇ. ಮೂರನೆಯ ಮನೆಯ ತಲೆಯಲ್ಲಿ ‘ಯಾರು ಹೇಳಿದರು?’ ಎಂದಿತ್ತು. ಆ ಶಾಲೆಯ ವಿದ್ಯೆಯೆಲ್ಲ ಆ ಮೂರನೆಯ ಮನೆಯಲ್ಲಿ ಅಡಗಿತ್ತೆಂದು ನನಗೆ ಬರಬರುತ್ತ ತಿಳಿಯಿತು.

ಒಂದು ದಿನದ ಪ್ರಶ್ನೆ: ಹುತ್ತೂರಿಗೆ ಆ ಹೆಸರು ಏಕೆ ಬಂತು? “ಹುತ್ತ ಇದ್ದ ಊರು ಹುತ್ತೂರು, ಸಾರ್” ಎಂದು ಹತ್ತು ಕೊರಳುಗಳು ಒಟ್ಟಿಗೆ ಕೂಗಿದವು. ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಬರೆಯಿರಿ. ಮೂರನೆಯ ಮನೆಯಲ್ಲಿ ಏನು ಬರೆಯುತ್ತೀರಿ?” ಎಂದರು. ತರಗತಿ ಮೌನವಾಯಿತು. ಯಾರೂ ಹೇಳಿರಲಿಲ್ಲ, ಹೆಸರಿನ ನಾದವೇ ಹಾಗೆ ಹೇಳಿಸಿತ್ತು. ಕೊನೆಗೆ ಒಬ್ಬ ಹುಡುಗ, “ನಾವೇ ಅಂದುಕೊಂಡದ್ದು ಅಂತ ಬರೀಬಹುದಾ, ಸಾರ್?” ಎಂದ. ಮೇಷ್ಟ್ರು ಕರಿಹಲಗೆಯ ಮೇಲೆ ‘ಊಹೆ’ ಎಂದು ದೊಡ್ಡದಾಗಿ ಬರೆದರು. ಊಹಿಸುವುದು ತಪ್ಪಲ್ಲ. ಊಹೆಯನ್ನು ಊಹೆ ಎಂದು ಬರೆಯುವುದಕ್ಕೆ ಮಾತ್ರ ಒಂದಿಷ್ಟು ಧೈರ್ಯ ಬೇಕು. ದೊಡ್ಡವರಲ್ಲಿಯೂ ಅದು ವಿರಳ.

ನಾದವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರದ ಹೆಸರೇ ಸಾಕ್ಷಿ. ಪರಶುರಾಮನು ಕಾರ್ತವೀರ್ಯನನ್ನು ಕೊಂದಾಗ ಎದ್ದ ಕೋಲಾಹಲದಿಂದ ಊರಿಗೆ ಆ ಹೆಸರು ಬಂತೆಂದು ಒಂದು ಐತಿಹ್ಯವುಂಟು. ಕೇಳಲು ಸೊಗಸಾದ ಕಥೆ. ಆದರೆ ಇದೇ ನೆಲವನ್ನು ಆಳಿದ ಗಂಗರಸರು ತಮ್ಮ ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಧರಿಸಿದ್ದಾರೆ. ಕುವಳಾಲವೇ ಸವೆದು ಕೋಲಾಲವಾಗಿ, ಕೋಲಾರವಾಯಿತು. ಮುಳಬಾಗಿಲಿನ ಕಥೆ ಬೇರೆ. ಅದರಲ್ಲಿ ಮುಳ್ಳೂ ಇಲ್ಲ, ಮುಳುಗುವುದೂ ಇಲ್ಲ. ಮೈಸೂರು ಸೀಮೆಗೆ ಅದು ಮೂಡಲ ಬಾಗಿಲು. ಶ್ರೀನಿವಾಸಪುರಕ್ಕೆ ಮೊದಲು ಪಾಪನಪಲ್ಲಿ ಎಂಬ ಹೆಸರಿತ್ತೆಂದೂ, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕೆ ಇಟ್ಟರೆಂದೂ ಹಳೆಯ ಮೈಸೂರು ಗೆಜೆಟಿಯರಿನಲ್ಲಿದೆ. ಈ ಮೂರು ಹೆಸರುಗಳ ಸಂಗತಿಯನ್ನು ಕೇಳಿದ ಮೇಲೆ, ಹುತ್ತೂರಿನ ಹುತ್ತದ ವಿಷಯದಲ್ಲಿ ಮಕ್ಕಳ ಧ್ವನಿ ತಗ್ಗಿತು. ಕುತೂಹಲ ಮಾತ್ರ ಹೆಚ್ಚಿತು.

ಆಗ ಮೇಷ್ಟ್ರು ಮತ್ತೊಂದು ಕೇಳಿದರು: “ನಿಮ್ಮ ಮನೆಯಲ್ಲಿ ಹುತ್ತಕ್ಕೆ ಏನೆನ್ನುತ್ತೀರಿ?” ಕೋಲಾರದ ಸೀಮೆ ಎರಡು ಭಾಷೆಗಳ ಸೀಮೆ. ಅನೇಕ ಮಕ್ಕಳಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. “ಪುಟ್ಟ” ಎಂದರು. ಹಾವಿಗೆ? “ಪಾಮು.” ಹಾಲಿಗೆ? “ಪಾಲು.” ಹಳ್ಳಿಗೆ? “ಪಲ್ಲಿ.” ನಾಲ್ಕು ಶಬ್ದ ಕೇಳುವಷ್ಟರಲ್ಲಿ ಒಬ್ಬ ಹುಡುಗಿ, “ಅವರದು ‘ಪ’, ನಮ್ಮದು ‘ಹ’!” ಎಂದು ಎದ್ದು ನಿಂತಳು. ಕನ್ನಡದಲ್ಲಿಯೂ ಹಿಂದೆ ‘ಪ’ವೇ ಇತ್ತು, ಪಾಲು, ಪಾವು, ಪಳ್ಳಿ, ಪುತ್ತು ಎಂದೇ ಹಳಗನ್ನಡದವರು ಬರೆಯುತ್ತಿದ್ದರು ಎಂದು ಮೇಷ್ಟ್ರು ತಿಳಿಸಿದರು. ಹಾಗಾದರೆ ಬಹಳ ಹಳೆಯ ಕಲ್ಲಿನಲ್ಲಿ ಈ ಊರನ್ನು ಹುಡುಕುವವರು ಯಾವ ಅಕ್ಷರವನ್ನು ಹುಡುಕಬೇಕು? ಹುಡುಗಿ ಗಳಿಗೆ ಯೋಚಿಸಿ, “ಪುತ್ತೂರು” ಎಂದಳು. ಹುಡುಕುವ ಮುನ್ನ ಹುಡುಕುವ ವಸ್ತುವಿನ ಚಹರೆ ತಿಳಿದಿರಬೇಕೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಬಗೆಯನ್ನು ನಾನು ಅರಿಯೆ.

ಕಲ್ಲುಗಳ ವಿಷಯ ಬಂದುದರಿಂದ ಹೇಳಬೇಕು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರಲ್ಲಿ ಪ್ರಕಟವಾಯಿತು. ತಾಲ್ಲೂಕಿಗೊಂದು ಭಾಗ, ಕಲ್ಲಿಗೊಂದು ಸಂಖ್ಯೆ, ಕಲ್ಲು ಎಲ್ಲಿ ನಿಂತಿದೆ ಎಂಬ ಒಂದು ಸಾಲು. ರೈಸರೂ ತಮ್ಮ ಪುಸ್ತಕದಲ್ಲಿ ಮೂರನೆಯ ಮನೆಯನ್ನು ತುಂಬಿದ್ದರೆಂದೇ ನನ್ನ ಭಾವನೆ. ಊರ ಹೊರಗೆ ವೀರಗಲ್ಲು ಕಂಡರೆ ಮಕ್ಕಳು ಅದಕ್ಕೆ ಸುಣ್ಣ ಬಳಿಯಲಿಲ್ಲ, ಕೆರೆಯಲೂ ಇಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವರ ಸನ್ನಿಧಿ ಎಂದು ಕಂಡುದನ್ನು ಕಂಡಂತೆ ಚಿತ್ರ ಬರೆದು, ಕಲ್ಲಿನ ಎತ್ತರವನ್ನು ಗೇಣಿನಲ್ಲಿ ಅಳೆದು ಗುರುತು ಹಾಕಿಕೊಂಡರು.

ಇನ್ನು ಕೆರೆ. ವರ್ಷವೆಲ್ಲ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಬದುಕಿದ್ದು ಕೆರೆಗಳನ್ನು ಕಟ್ಟಿಕೊಂಡು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು; ಆ ಊರಿನದೂ ಹರಿದಿತ್ತು. ಅದಕ್ಕೆ ಮೊದಲು ಎಂದು ಹರಿದಿತ್ತು ಎಂಬುದು ಮಕ್ಕಳ ಪ್ರಶ್ನೆ. ನಾಲ್ಕು ಮನೆಗಳಿಂದ ನಾಲ್ಕು ಉತ್ತರ ಬಂದವು. ಒಬ್ಬ ತಾತ ‘ಮೂವತ್ತು ವರ್ಷವಾಯಿತು’ ಎಂದರೆ, ಇನ್ನೊಬ್ಬರು ‘ಹದಿನೈದೂ ಆಗಿಲ್ಲ’ ಎಂದರು. ಐದನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ ತೆಲುಗಿನಲ್ಲಿ ಹೇಳಿದ್ದರು. ‘ಚೆರುವು ಮರವ’ ಎಂಬ ಮಾತನ್ನು ಹುಡುಗಿ ಹಾಗೆಯೇ ಬರೆದುಕೊಂಡು ಬಂದಿದ್ದಳು. ಒಬ್ಬನು ಅದನ್ನು ಓದಿ, “ಕೆರೆಗೆ ಮರೆವೇ?” ಎಂದು ನಕ್ಕ. ಅವಳು ನಗಲಿಲ್ಲ. “ಮರವ ಅಂದರೆ ಕೋಡಿ. ನಾನು ಅವ್ವನನ್ನು ಎರಡು ಸಾರಿ ಕೇಳಿದೆ” ಎಂದಳು. ಅವಳ ಅಜ್ಜಿ ವರ್ಷ ಹೇಳಿರಲಿಲ್ಲ. ‘ನಿನ್ನ ತಾಯಿಯನ್ನು ಶಾಲೆಗೆ ಹಾಕಿದ ವರ್ಷ, ಕೋಡಿಯ ನೀರಿನಲ್ಲಿ ಎತ್ತಿಕೊಂಡು ದಾಟಿದೆ’ ಎಂದಿದ್ದರು. ಓದು ಬಾರದ ಆ ವೃದ್ಧೆಯ ಮಾತಿಗೆ ತರಗತಿಯಲ್ಲಿ ಯಾರೂ ಬೆಲೆ ಕೊಟ್ಟಿರಲಿಲ್ಲ. ಮೇಷ್ಟ್ರು ಬೀರುವಿನಿಂದ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿದರು. ಹಾಳೆಗಳು ಹಳದಿಗಟ್ಟಿದ್ದವು. ತಾಯಿಯ ಹೆಸರು ಸಿಕ್ಕಿತು. ಅದರ ಎದುರು ತಾರೀಖು ಇತ್ತು. ಹುಡುಗಿ ತನ್ನ ತಾಯಿಯ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ಆ ದಿನ ಮೂರನೆಯ ಮನೆಯಲ್ಲಿ ಅವಳು ಬರೆದದ್ದು: ‘ಅವ್ವ, ಮತ್ತು ಶಾಲೆಯ ಪುಸ್ತಕ.’

ಇದನ್ನು ಓದುವ ನಿಮಗೂ ಯೋಜನಾಕಾರ್ಯವೆಂಬುದು ಗೊತ್ತಿರಬೇಕು. ಪೇಟೆಯ ಅಂಗಡಿಯಲ್ಲಿ ಚಿತ್ರಪಟ ಕೊಂಡು, ಕತ್ತರಿಸಿ, ಅಂಟಿಸಿ, ಸುತ್ತ ಬಣ್ಣದ ಅಂಚು ಬರೆದು ಒಪ್ಪಿಸುವುದು ಸುಲಭ, ಅಂದವಾಗಿಯೂ ಇರುತ್ತದೆ. ಆ ಶಾಲೆಯಲ್ಲಿಯೂ ಒಬ್ಬ ಹುಡುಗ ಅಣ್ಣನ ಮೊಬೈಲಿನಲ್ಲಿ ಹುಡುಕಿ ಅರ್ಧ ಪುಟ ಬರೆದು ತಂದಿದ್ದ. ಮೂರನೆಯ ಮನೆಯಲ್ಲಿ ‘ಫೋನು’ ಎಂದಿತ್ತು. ಮೇಷ್ಟ್ರು ಬೈಯಲಿಲ್ಲ. “ಫೋನಿಗೆ ಯಾರು ಹೇಳಿದರು?” ಎಂದಷ್ಟೇ ಕೇಳಿದರು. ಅವನು ಮರುದಿನ ಅಣ್ಣನನ್ನು ಪೀಡಿಸಿ, ಆ ಬರಹವನ್ನು ಬರೆದವರ ಹೆಸರನ್ನು ಹುಡುಕಿಸಿಕೊಂಡು ಬಂದ.

ಇಂತಹ ಕಲಿಕೆ ನನ್ನ ಸ್ನೇಹಿತರೊಬ್ಬರ ಹುಚ್ಚು ಎಂದು ಯಾರೂ ತಿಳಿಯಬಾರದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿಶಾಲೆಗಳಿಂದ ಆರಂಭವಾದ ವಿಜ್ಞಾನ ಶಿಕ್ಷಣದ ಒಂದು ಕಾರ್ಯಕ್ರಮ ಮೂವತ್ತು ವರ್ಷ ನಡೆಯಿತು. ಅಲ್ಲಿಯ ಪುಸ್ತಕದಲ್ಲಿ ಉತ್ತರಗಳಿರಲಿಲ್ಲ. ಮಾಡಿ ನೋಡಬೇಕಾದ ಪ್ರಯೋಗಗಳಿದ್ದವು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಳ್ಳಬಹುದಾಗಿತ್ತು. ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಕಾಗದ ಬರೆದು ತಮ್ಮ ಸಂದೇಹಗಳನ್ನು ಕೇಳುತ್ತಿದ್ದರು, ಅವರಿಗೆ ಉತ್ತರವೂ ಬರುತ್ತಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಪ್ರಶ್ನೆ ಕೇಳುವ ಮಕ್ಕಳನ್ನು ಬೆಳೆಸುವುದು ಕಷ್ಟ. ಅವರ ಎದುರು ನಿಲ್ಲುವುದು ಇನ್ನೂ ಕಷ್ಟ.

ನಾನು ಕಡೆಯ ಸಲ ಆ ಶಾಲೆಗೆ ಹೋದಾಗ ಮಕ್ಕಳು ಕೆರೆಯ ವಿಷಯದಲ್ಲಿಯೇ ಮತ್ತೊಂದು ಪ್ರಶ್ನೆಯನ್ನು ಹಿಡಿದಿದ್ದರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಆ ನೀರು ಕುಡಿಯಲಿಕ್ಕಲ್ಲ, ಅಂತರ್ಜಲ ಹೆಚ್ಚಲೆಂದು. ಬತ್ತಿದ ಬಾವಿಗಳಲ್ಲಿ ನೀರು ಕಂಡವರು ಸಂತೋಷಪಟ್ಟರು. ಅದನ್ನು ಇನ್ನೂ ಒಂದು ಹಂತ ಶುದ್ಧಿ ಮಾಡಬೇಕೆಂದು ಹೋರಾಡಿದವರೂ ಇದ್ದಾರೆ. “ನಮ್ಮ ಕೆರೆಯಲ್ಲಿ ಇರೋದು ಮಳೆನೀರಾ, ಬೆಂಗಳೂರಿನ ನೀರಾ?” ಎಂಬುದು ಮಕ್ಕಳ ಪ್ರಶ್ನೆ. ಉತ್ತರದ ಮನೆ ಖಾಲಿಯಾಗಿತ್ತು. ಮೂರನೆಯ ಮನೆಯಲ್ಲಿ ಮಾತ್ರ, ಕೇಳಬೇಕಾದವರ ಪಟ್ಟಿಯನ್ನು ಮೊದಲೇ ಬರೆದಿಟ್ಟಿದ್ದರು: ನೀರುಗಂಟಿ, ಪಂಚಾಯಿತಿಯವರು, ನೀರಾವರಿ ಇಲಾಖೆಯ ಎಂಜಿನಿಯರು, ಮೇಲಿನ ಕೆರೆಯ ಊರಿನವರು. ಅದರ ಕೆಳಗೆ ಯಾರೋ ಒಬ್ಬರು ಪೆನ್ಸಿಲಿನಲ್ಲಿ ‘ಕಾಲುವೆಯ ಉದ್ದಕ್ಕೂ ನಡೆದು ನಾವೇ ನೋಡುವುದು’ ಎಂದು ಸೇರಿಸಿದ್ದರು. ಶನಿವಾರ ಬೆಳಗಿನ ತರಗತಿ ಮುಗಿದ ಕೂಡಲೇ ಹೊರಡುವುದೆಂದು ನಿಶ್ಚಯವಾಗಿತ್ತು.