ಸಮಾಧಿಯ ಮೇಲೊಂದು ಶಾಲೆ

ಲಕ್ನೋ ನಗರಕ್ಕೆ ಹೋದವರು ಬಡಾ ಇಮಾಂಬಾರಾ, ರೂಮಿ ದರ್ವಾಜಾಗಳನ್ನು ನೋಡದೆ ಮರಳುವುದಿಲ್ಲ. ಆದರೆ ಗೋಮತೀ ನದಿಗೆ ಅನತಿದೂರದಲ್ಲಿರುವ ಲಾ ಮಾರ್ಟಿನಿಯರ್ ಶಾಲೆಯವರೆಗೆ ಹೋಗುವವರು ವಿರಳ. ಕನ್ನಡಿಗರಂತೂ ಅದನ್ನು ಅವಶ್ಯವಾಗಿ ನೋಡಬೇಕು. ಕಾರಣವನ್ನು ಕಡೆಯಲ್ಲಿ ಅರಿಕೆ ಮಾಡುತ್ತೇನೆ.

ಇದನ್ನು ಕಟ್ಟಿಸಿದವನು ಕ್ಲಾಡ್ ಮಾರ್ಟಿನ್. 1735ರಲ್ಲಿ ಫ್ರಾನ್ಸಿನ ಲಿಯೋಂ ನಗರದಲ್ಲಿ ಹುಟ್ಟಿ, ಫ್ರೆಂಚರ ಸಿಪಾಯಿಯಾಗಿ ಭರತಖಂಡಕ್ಕೆ ಬಂದು, ಅನಂತರ ಇಂಗ್ಲಿಷ್ ಕಂಪೆನಿಯನ್ನು ಸೇರಿದನು. ಅವಧದ ನವಾಬರ ಶಸ್ತ್ರಾಗಾರದ ಮೇಲ್ವಿಚಾರಕನಾಗಿ, ವ್ಯಾಪಾರ ಮತ್ತು ಲೇವಾದೇವಿಗಳಿಂದ ಅಪಾರ ಐಶ್ವರ್ಯ ಗಳಿಸಿದನು. ತನ್ನ ವಾಸಕ್ಕೆಂದು ಆರಂಭಿಸಿದ ಈ ಅರಮನೆಗೆ ‘ಕಾನ್‌ಸ್ಟಾಂಷಿಯಾ’ ಎಂದು ಹೆಸರಿಟ್ಟನು. ಅದು ಪೂರ್ಣವಾಗುವುದಕ್ಕೆ ಮೊದಲೇ, 1800ರಲ್ಲಿ, ತೀರಿಕೊಂಡನು.

ಕಟ್ಟಡದ ಶೈಲಿ ಇಂಥದೆಂದು ಹೇಳುವುದು ಸುಲಭವಲ್ಲ. ಐರೋಪ್ಯ ಕಂಬಗಳ ಪಕ್ಕದಲ್ಲೇ ಲಕ್ನೋದ ಗಾರೆಗೆಲಸ. ಮೇಲೇರಿದಂತೆ ಕಿರಿದಾಗುವ ಅಂತಸ್ತುಗಳು. ನೆತ್ತಿಯಲ್ಲಿ ಒಂದನ್ನೊಂದು ಹಾಯ್ದು ಕಿರೀಟದಂತೆ ನಿಂತ ಕಮಾನುಗಳು. ಮಾಳಿಗೆಯ ಅಂಚಿನಲ್ಲಿ ಗ್ರೀಕ್ ಮಾದರಿಯ ಪ್ರತಿಮೆಗಳೂ ಭಾರಿ ಸಿಂಹಗಳೂ ಸಾಲುಗಟ್ಟಿವೆ. ಇಷ್ಟಾದರೂ ಇದು ಕಲ್ಲಿನ ಕಟ್ಟಡವಲ್ಲ. ಇಟ್ಟಿಗೆ ಮತ್ತು ಸುಣ್ಣದ ಗಾರೆ ಮಾತ್ರ. ಚಾವಣಿಗೆ ಮರದ ತೊಲೆಗಳ ಆಸರೆಯಿಲ್ಲ. ಕಮಾನುಗಳೇ ಭಾರವನ್ನು ಹೊತ್ತಿವೆ. ಎರಡು ಮಗ್ಗುಲುಗಳಲ್ಲಿ ಬಿದಿಗೆಯ ಚಂದ್ರನಂತೆ ಬಾಗಿರುವ ಸಾಲುಕೊಠಡಿಗಳು ಶಾಲೆಗಾಗಿ ಆಮೇಲೆ ಸೇರಿದುವು.

ಮಾರ್ಟಿನ್ ತನ್ನ ಉಯಿಲಿನಲ್ಲಿ ಲಕ್ನೋ, ಕಲ್ಕತ್ತ, ಲಿಯೋಂ ಈ ಮೂರು ನಗರಗಳ ಶಾಲೆಗಳಿಗೆ ಹಣ ಬಿಟ್ಟನು. ತನ್ನ ದೇಹವನ್ನು ಈ ಮನೆಯ ನೆಲಮಾಳಿಗೆಯಲ್ಲೇ ಹೂಳಬೇಕೆಂದೂ ಬರೆದನು. ಸಮಾಧಿಯಿರುವ ಮನೆಯನ್ನು ನವಾಬರು ವಶಪಡಿಸಿಕೊಳ್ಳಲಾರರೆಂಬ ಎಣಿಕೆ ಇದರ ಹಿಂದಿತ್ತೆಂದು ಐತಿಹ್ಯ. ಉಯಿಲಿನ ವ್ಯಾಜ್ಯ ದಶಕಗಳ ಕಾಲ ನಡೆದು, ಕಡೆಗೆ 1845ರಲ್ಲಿ ಇಲ್ಲಿ ಶಾಲೆ ತೆರೆಯಿತು.

ಹನ್ನೆರಡೇ ವರ್ಷಗಳಲ್ಲಿ 1857ರ ಸಂಗ್ರಾಮ ಬಂದಿತು. 60ಕ್ಕೂ ಹೆಚ್ಚು ಬಾಲಕರು ಉಪಾಧ್ಯಾಯರೊಡನೆ ರೆಸಿಡೆನ್ಸಿಯ ಮುತ್ತಿಗೆಯಲ್ಲಿ ಸಿಕ್ಕಿಕೊಂಡರು. ಕಿರಿಯರು ಧಾನ್ಯ ಬೀಸಿದರು, ರೋಗಿಗಳ ಸೇವೆ ಮಾಡಿದರು. ಹಿರಿಯರು ಬಂದೂಕು ಹಿಡಿದರು. ಇತ್ತ ಬರಿದಾದ ಶಾಲೆಯಲ್ಲಿ ಸ್ಥಾಪಕನ ಸಮಾಧಿಯೇ ಒಡೆದುಹೋಯಿತು. ಅದನ್ನು ಮುಂದೆ ಸರಿಪಡಿಸಿದರು.

ಇನ್ನು ಕನ್ನಡಿಗರ ಮಾತು. ಶಾಲೆಯ ಮುಂದಣ ಜಗತಿಯ ಮೇಲೆ ಒಂದು ಕಂಚಿನ ಫಿರಂಗಿಯಿದೆ. ಹೆಸರು ‘ಲಾರ್ಡ್ ಕಾರ್ನ್‌ವಾಲಿಸ್’. 1786ರಲ್ಲಿ ಮಾರ್ಟಿನ್ ಲಕ್ನೋದಲ್ಲಿ ಎರಕ ಹೊಯ್ಯಿಸಿದ ಈ ಫಿರಂಗಿಯನ್ನು 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬಳಸಲಾಯಿತು. ಆ ಯುದ್ಧದ ಕೊನೆಗೆ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು; 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದನು; ತನ್ನ ಎಳೆಯ ಮಕ್ಕಳಿಬ್ಬರನ್ನು ಒತ್ತೆಯಾಗಿ ಶತ್ರುಗಳ ಪಾಳೆಯಕ್ಕೆ ಕಳುಹಿದನು.

ಯಾರದೋ ಮಕ್ಕಳನ್ನು ತಂದೆಯಿಂದ ಅಗಲಿಸಿದ ಯುದ್ಧದ ಆ ಫಿರಂಗಿ ಈಗ ಶಾಲೆಯ ಮಕ್ಕಳ ಕಣ್ಣೆದುರಿಗೆ ಸದ್ದಿಲ್ಲದೆ ಕುಳಿತಿದೆ. ಲಕ್ನೋಗೆ ಹೋದಾಗ ನಿಮ್ಮ ಮಕ್ಕಳಿಗೆ ಅದನ್ನು ತೋರಿಸಿರಿ. ಶ್ರೀರಂಗಪಟ್ಟಣದ ಕಥೆಯನ್ನೂ ಅಲ್ಲಿಯೇ ಹೇಳಿರಿ.